ಗಿಟಾರ್ ರಿಯಾಜ್: ಎಲ್ಲಿ ಕೈ ಸಿಕ್ಕಹಾಕ್ಕೊಳ್ತದೋ ಅಲ್ಲಿಂದ ಶುರು ಮಾಡ್ರಿ

ನಮ್ಮ ಕಲಬುರಗಿಯಾಗ ಗಿಟಾರ್ ಇರೋ ಮನಿ ಭಾಳ ಅವ, ಗಿಟಾರ್ ಸಪ್ಪಳ ಕೇಳಿಸೋ ಮನಿ ಕಮ್ಮಿ. ಪಿಯುಸಿ ಮುಗಿದ ರಜಾದಾಗ ಹಠ ಮಾಡಿ ತಗೊಂಡಿರ್ತಾರ, ಎರಡು ತಿಂಗಳು ಯೂಟ್ಯೂಬ್ ನೋಡಿ ಬೆರಳು ನೋಯಿಸ್ಕೋತಾರ, ಆಮ್ಯಾಲ ಅದು ಕವರ್ ಸಮೇತ ಅಲ್ಮಾರಿ ಮ್ಯಾಲ ಹೋಗಿ ಕುಂದರ್ತದ. ಯಾಕ ಬಿಟ್ರಿ ಅಂತ ಕೇಳಿದ್ರ ಟೈಮ್ ಸಿಗಲ್ರಿ ಅಂತಾರ. ನನಗೂ ಹಂಗೇ ಆಗಿತ್ತು, ಒಂದೂವರೆ ವರ್ಷ ಮುಟ್ಟಿರಲಿಲ್ಲ, ಆದ್ರ ಖರೇ ಹೇಳ್ಬೇಕಂದ್ರ ಟೈಮ್ ಇತ್ತು, ದಿನಾ ರಾತ್ರಿ ಒಂದು ತಾಸು ಮೊಬೈಲ್ ನೋಡ್ಲಿಕ್ಕ ಟೈಮ್ ಇತ್ತಲ್ಲ, ಗಿಟಾರ್ ತೊಡಿ ಮ್ಯಾಲ ಇಟ್ಕೊಂಡ ಮ್ಯಾಲ ಏನು ಮಾಡ್ಬೇಕು ಅನ್ನೋದೇ ಗೊತ್ತಿರಲಿಲ್ಲ. ಬರೋದು ನಾಕು ಕಾರ್ಡ್ (ಎರಡು ಮೂರು ತಂತಿ ಒತ್ತಿ ಒಟ್ಟಿಗೇ ಬಾರಿಸೋ ಸ್ವರದ ಗುಂಪು), ಬರೋ ಹಾಡೇ ಮತ್ತ ಮತ್ತ ಬಾರಿಸೋದು, ತಪ್ಪೋ ಜಾಗದಾಗ ದಿನಾ ತಪ್ಪೋದು, ಕೊನಿಗೆ ಬ್ಯಾಸರ.

ಆಮ್ಯಾಲ ನಿಧಾನಕ್ಕ ತಿಳೀತು, ಬಾರಿಸೋದು ಬ್ಯಾರೆ, ರಿಯಾಜ್ ಬ್ಯಾರೆ. ನಮ್ಮ ಕಡಿ ಹಾರ್ಮೋನಿಯಂ ತಬಲಾ ಕಲಿಯೋರು ಈ ಎರಡು ಮಾತನ್ನ ಯಾವತ್ತೂ ಕಲಸಲ್ಲ, ಗಿಟಾರ್ ಹಿಡಿದವರು ಮಾತ್ರ ಕಲಸ್ತೀವಿ. ಒಂದು ಹಾಡಿನೊಳಗ ಕೈ ಸಿಕ್ಕಹಾಕ್ಕೊಳ್ಳೋ ಜಾಗ ಭಾಳಂದ್ರ ಎರಡು ಸೆಕೆಂಡಿಂದು ಇರ್ತದ. ಆ ಎರಡು ಸೆಕೆಂಡ್ ಹುಡುಕಿ ಬಿಡಿಸೋದು ರಿಯಾಜ್. ಮೂರೂವರೆ ನಿಮಿಷದ ಹಾಡನ್ನ ಮೊದಲಿಂದ ಕೊನಿ ತನಕ ಬಾರಿಸೋದು ಖುಷಿ. ಎರಡೂ ದಿನಾ ಬೇಕು, ಆದ್ರ ಎರಡಕ್ಕೂ ಬ್ಯಾರೆ ಬ್ಯಾರೆ ಟೈಮ್ ಬೇಕು. ಈ ಬರಹದಾಗ ಇರೋದು ಪೂರಾ ಅದೇ, ಒಂದೊಂದಾಗಿ ಹೇಳ್ತೀನಿ.

ಎಲ್ಲಾಕ್ಕಿಂತ ಮೊದಲು: ಗಿಟಾರ್ ಸರಿ ಅದ ಇಲ್ಲೋ ನೋಡ್ರಿ

ಇದನ್ನ ಮೊದಲು ಬರೀಲಿಕ್ಕ ಕಾರಣ ಅದ. ನಾನು ಮೊದಲ ಗಿಟಾರ್ ತಗೊಂಡಾಗ ಅಂಗಡಿಯವರು ಹೊಸಬರಿಗೆ ಇದೇ ಬೆಸ್ಟ್ ಅಂತ ಒಂದು ಕೊಟ್ರು, ಏಳೆಂಟು ತಿಂಗಳು ಅದರ ಮ್ಯಾಲ ಕೈ ಕೊಯ್ಕೊಂಡೆ, ತೋರುಬೆರಳಿನ ತುದಿ ಸೀಳಿ ರಕ್ತ ಬಂದಿತ್ತು. ನನ್ನ ಬೆರಳಿಗೆ ಶಕ್ತಿ ಇಲ್ಲ, ನನಗ ಇದು ಆಗೋ ಕೆಲಸ ಅಲ್ಲ ಅಂತ ನಂಬಿಬಿಟ್ಟಿದ್ದೆ. ಒಂದು ದಿನ ಗೆಳೆಯನ ಗಿಟಾರ್ ಕೈಯಾಗ ಹಿಡಿದೆ ನೋಡ್ರಿ, ಎಫ್ ಕಾರ್ಡ್ ಹಿಡಿದ ತಕ್ಷಣ ಬಂತು. ಮನಿಗೆ ಬಂದು ಸಾಲಿ ಹುಡುಗರ ಸ್ಕೇಲ್ ತಗೊಂಡು ಅಳದೆ, 12ನೇ ಫ್ರೆಟ್ (ಗಿಟಾರಿನ ಕುತ್ತಿಗಿ ಮ್ಯಾಲ ಅಡ್ಡ ಕುಂತಿರೋ ಲೋಹದ ಪಟ್ಟಿ) ಮ್ಯಾಲ ದಪ್ಪ ತಂತಿಗೂ ಫ್ರೆಟ್ಟಿಗೂ ನಡುವ 4 ಎಂಎಂ ಮಿಕ್ಕಿ ಗ್ಯಾಪ್ ಇತ್ತು. ಅಷ್ಟು ಎತ್ತರ ಇದ್ರ ಯಾರ ಬೆರಳೂ ಸೋಲ್ತಾವ.

ನೀವೂ ಇವತ್ತೇ ಅಳೀರಿ. ಸ್ಟೀಲ್ ತಂತಿ ಗಿಟಾರ್ ಇದ್ರ 12ನೇ ಫ್ರೆಟ್ ಮ್ಯಾಲ ದಪ್ಪ ತಂತಿ ಕೆಳಗ ಹತ್ರ ಹತ್ರ 2.5 ಎಂಎಂ, ಸಣ್ಣ ತಂತಿ ಕೆಳಗ 2 ಎಂಎಂ ಇದ್ರ ಆರಾಮ. ನೈಲಾನ್ ತಂತಿದು ಇದ್ರ ಜರಾ ಜಾಸ್ತಿ ಇರ್ತದ, ಅದು ನಡೀತದ, ನೈಲಾನ್ ಮೆತ್ತಗಿರ್ತದ. ಜಾಸ್ತಿ ಇತ್ತಂದ್ರ ಸೇತುವೆ (ಬ್ರಿಡ್ಜ್, ಗಿಟಾರಿನ ಹೊಟ್ಟಿ ಮ್ಯಾಲ ತಂತಿ ಸಿಗಿಸಿರೋ ಕಟ್ಟಿಗಿ ತುಂಡು) ಮ್ಯಾಲ ಕುಂತಿರೋ ಬಿಳಿ ಪಟ್ಟಿ, ಸ್ಯಾಡಲ್ ಅಂತಾರ, ಅದನ್ನ ಹೊರಗ ತಗದು ಕೆಳಗಿನ ಕಡಿಯಿಂದ ತಿಕ್ಕಬೇಕು. 12ನೇ ಫ್ರೆಟ್ಟಿನಾಗ 1 ಎಂಎಂ ಕಮ್ಮಿ ಆಗಬೇಕಂದ್ರ ಸ್ಯಾಡಲ್ 2 ಎಂಎಂ ಸವೀಬೇಕು, ಯಾಕಂದ್ರ 12ನೇ ಫ್ರೆಟ್ ತಂತಿಯ ಸರಿ ನಡುವ ಇರ್ತದ. ಒಮ್ಮಿಗೇ ತಿಕ್ಕಿದ್ರ ಮತ್ತ ಬೆಳಸ್ಲಿಕ್ಕ ಬರಲ್ಲ, ಗೊತ್ತಿದ್ದವರ ಕೈಲೇ ಮಾಡಸ್ರಿ, ನಂದು ಹಾರ್ಮೋನಿಯಂ ರಿಪೇರಿ ಮಾಡೋ ಕಾಕಾ ಒಬ್ಬರು ಅರ್ಧ ತಾಸಿನಾಗ ಮಾಡಿಕೊಟ್ರು. ತಂತಿನೂ ಹಗುರಾದ್ದು ಹಾಕ್ರಿ, ಪ್ಯಾಕೆಟ್ ಮ್ಯಾಲ 10 ಇಲ್ಲಾ 11ರ ಸೆಟ್ ಅಂತ ಬರೆದಿರ್ತದ. 12ರದ್ದು ಬೆರಳು ಗಟ್ಟಿ ಆದ ಮ್ಯಾಲ ನೋಡ್ಕೊಂಡ್ರಾಯ್ತು.

ಇನ್ನ ನಮ್ಮ ಬಿಸಿಲು. ಅಪ್ಪನ ಜಾತ್ರಿ, ಅಂದ್ರ ಶರಣಬಸವೇಶ್ವರರ ಜಾತ್ರಿ, ಮುಗೀತಂದ್ರ ಇಲ್ಲಿ ಹೊರಗ ಕಾಲಿಡಂಗಿಲ್ಲ, ಮೇ ತಿಂಗಳಾಗ 40 ಡಿಗ್ರಿ ದಾಟೋದು ನಮಗ ಸುದ್ದಿನೇ ಅಲ್ಲ. ಒಣಹವಾಕ್ಕ ಗಿಟಾರಿನ ಕಟ್ಟಿಗಿ ಕುಗ್ಗತದ, ಫ್ರೆಟ್ಟಿನ ಲೋಹದ ತುದಿ ಬದಿಗೆ ಹೊರಗ ಬಂದು ಕೈಗೆ ಚುಚ್ಚತದ, ತಂತಿ ಝರ್ ಝರ್ ಅಂತದ. ಅದಕ್ಕ ಅಂತ ಕೂಲರ್ ಮುಂದ ತಂದು ಇಡಬ್ಯಾಡ್ರಿ, ಅದು ಇನ್ನೂ ಕೆಟ್ಟದ್ದು, ಕೂಲರ್ ಹವಾದಾಗ ನೀರು ಇರ್ತದ, ಕಟ್ಟಿಗಿ ಉಬ್ಬತದ, ದಿನಕ್ಕ ಎರಡು ಸಲ ಉಬ್ಬಿ ಕುಗ್ಗಿ ಮಾಡಿದ್ರ ಎಲ್ಲಿಯೋ ಒಂದು ಕಡಿ ಸೀಳೇ ಬಿಡ್ತದ. ಸಾಬೂನಿನ ಪ್ಲಾಸ್ಟಿಕ್ ಡಬ್ಬಿಗೆ ಮ್ಯಾಲ ತೂತು ಮಾಡಿ, ಒಳಗ ಸ್ಪಂಜು ಒದ್ದಿ ಮಾಡಿ ಪೂರಾ ಹಿಂಡಿ ಇಟ್ಟು, ಆ ಡಬ್ಬಿ ಗಿಟಾರಿನ ಬ್ಯಾಗಿನಾಗ ಇಡ್ರಿ, ನೀರು ತೊಟ್ಟಿಕ್ಕಬಾರದು ಅಷ್ಟೇ. ಕಾರಿನಾಗ ಬಿಟ್ಟು ಹೋಗೋದಂತೂ ಬ್ಯಾಡೇ ಬ್ಯಾಡ, ಅಂಟು ಬಿಟ್ಟು ಸೇತುವೆ ಕಿತ್ಕೊಂಡು ಬರ್ತದ.

ಜಾಗ ಮತ್ತ ಟೈಮ್

ಗಿಟಾರ್ ಕಣ್ಣಿಗೆ ಕಾಣೋ ಜಾಗದಾಗ ಇರಬೇಕು. ಬ್ಯಾಗಿನ ಝಿಪ್ ತಗದು ಹೊರಗ ತಗಿಯೋದು ಹತ್ತು ಸೆಕೆಂಡಿನ ಕೆಲಸ, ಆದ್ರ ದಣಿದು ಬಂದ ದಿನ ಆ ಹತ್ತು ಸೆಕೆಂಡೇ ದೊಡ್ಡ ಗುಡ್ಡ ಆಗ್ತದ. ಕಡು ಬ್ಯಾಸಗಿ ಬಿಟ್ಟು ಉಳಿದ ದಿನ ಗ್ವಾಡಿಗೆ ಒಂದು ಹುಕ್ ಹೊಡದು ತೂಗಹಾಕ್ರಿ, ಕಿಟಕಿ ಬಿಸಿಲು ಬೀಳದ ಕಡಿ.

ಟೈಮ್ ನಾನು ಬೆಳಗ್ಗೆ ಆರರಿಂದ ಆರೂವರೆ ಇಟ್ಕೊಂಡೀನಿ. ಬ್ಯಾಸಗಿಯಾಗ ಮಾಳಿಗಿ ಮ್ಯಾಲ ಆ ಹೊತ್ತಿಗೆ ತಂಪಿರ್ತದ, ಬೆವರು ಇರಲ್ಲ, ಬೆವರಿದ ಕೈಗೆ ತಂತಿ ಜಂಗು ಹಿಡೀತದ. ಫ್ಯಾನು ಕೂಲರ್ ಸಪ್ಪಳನೂ ಇರಲ್ಲ, ಇದು ಭಾಳ ಮಂದಿ ಲಕ್ಷ ಕೊಡದೆ ಇರೋ ವಿಷಯ, ಕೂಲರ್ ಸಪ್ಪಳದಾಗ ಬಾರಿಸಿದ್ರ ಯಾವ ತಂತಿ ಸತ್ತದ ಯಾವುದು ಝರ್ ಅಂತದ ಅನ್ನೋದು ನಿಮ್ಮ ಕಿವಿಗೇ ಬೀಳಲ್ಲ, ಎಲ್ಲ ಸರಿ ಬರ್ತದ ಅನಸ್ತದ. ರಾತ್ರಿನೇ ಟೈಮ್ ಸಿಗೋದು ಅಂದ್ರ ಸೇತುವೆ ಹತ್ರ ತಂತಿ ಕೆಳಗ ಒಂದು ಕರ್ಚೀಫ್ ಮಡಚಿ ಸಿಗಸ್ರಿ, ಸಪ್ಪಳ ಕಮ್ಮಿ ಆಗ್ತದ, ಬಾಜೂ ಮನಿಯವರಿಗೂ ತ್ರಾಸ ಇಲ್ಲ.

ಎಷ್ಟು ಹೊತ್ತು ಅಂತ ಎಲ್ಲಾರೂ ಕೇಳ್ತಾರ. ದಿನಾ 25-30 ನಿಮಿಷ ಸಾಕು, ಆದ್ರ ದಿನಾ. ಭಾನುವಾರ ಒಂದೇ ದಿನ ಮೂರು ತಾಸು ಕುಂತ್ರ ಬೆರಳು ನೋಯ್ತಾವ ಅಷ್ಟೇ, ಕಲ್ತಿದ್ದು ಬುಧವಾರಕ್ಕ ಮರತಿರ್ತದ. ಕೈ ಕಲಿಯೋದು ಅರ್ಧ ನಾವು ಮಲಗಿದಾಗ ನಡೀತದ, ಅದಕ್ಕ ಏಳು ರಾತ್ರಿ ಬೇಕು. ಬರ್ಲಿನ್ ಸಂಗೀತ ಶಾಲಿಯ ವಯಲಿನ್ ಹುಡುಗರ ಮ್ಯಾಲ ಆಂಡರ್ಸ್ ಎರಿಕ್ಸನ್ ಅನ್ನೋ ಮನಃಶಾಸ್ತ್ರದ ವಿಜ್ಞಾನಿ ಮತ್ತ ಅವರ ಜೊತಿಯವರು 1993ರಾಗ ಒಂದು ಅಧ್ಯಯನ ಬರೆದ್ರು, ಹತ್ತು ಸಾವಿರ ತಾಸು ರಿಯಾಜ್ ಮಾಡಿದ್ರ ಪಳಗ್ತಾರ ಅನ್ನೋ ಮಾತು ಹುಟ್ಟಿದ್ದು ಅದರಿಂದಾನೇ. ಮಂದಿ ತಾಸು ಎಣಿಸೋದಷ್ಟೇ ನೆನಪಿಟ್ಕೊಂಡ್ರು, ಆದ್ರ ಅದರಾಗ ಚಲೋ ಬಾರಿಸೋ ಹುಡುಗರು ಒಬ್ಬರೇ ಕುಂತು ಜಾಸ್ತಿ ರಿಯಾಜ್ ಮಾಡ್ತಿದ್ರು, ನಡುವ ಬಿಡುವು ತಗೋತಿದ್ರು, ನಿದ್ದಿನೂ ಜಾಸ್ತಿ ಮಾಡ್ತಿದ್ರು ಅನ್ನೋದೂ ಅದ.

ಸಿಕ್ಕು ಹುಡುಕೋದು

ಈಗ ಅಸಲಿ ಕೆಲಸ. ನಿಮಗ ಭಾಳ ಇಷ್ಟ ಇರೋ ಒಂದು ಹಾಡು ತಗೋರಿ. ಸರಳ ಅದ ಅಂತ ಯಾರೋ ಹೇಳಿದ್ದಲ್ಲ, ಸ್ನಾನ ಮಾಡುವಾಗ ತಾನಾಗೇ ಬಾಯಿಗೆ ಬರೋ ಹಾಡು. ಅದರಾಗ ಮೂರು ನಾಕು ಕಾರ್ಡ್ ಮಿಕ್ಕಿ ಇದ್ರ ಒಂದು ಚರಣ ಅಷ್ಟೇ ತಗೋರಿ. ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ ಒಂದು ಸಲ ಬಾರಿಸ್ರಿ, ತಪ್ಪಿದ್ರ ನಿಲ್ಲಬ್ಯಾಡ್ರಿ. ಆಮ್ಯಾಲ ಕೇಳ್ರಿ. ಎಲ್ಲಿ ಸಪ್ಪಳ ಒಂದು ಕ್ಷಣ ನಿಂತು ಮತ್ತ ಶುರು ಆಗ್ತದೋ ಅಲ್ಲೇ ಸಿಕ್ಕು. ಹತ್ತಕ್ಕ ಎಂಟು ಮಂದಿಗೆ ಅದು ಎರಡು ಕಾರ್ಡಿನ ನಡುವ ಇರ್ತದ, ಕಾರ್ಡ್ ಹಿಡಿಯೋದ್ರಾಗ ಇರಲ್ಲ. ಕಾರ್ಡ್ ನಿಮಗ ಬರ್ತದ, ದಾಟೋದು ಬರಲ್ಲ.

ಒಂದು ನೋಟ್‌ಬುಕ್ಕಿನಾಗ ಬರೀರಿ: ಇವತ್ತಿನ ಸಿಕ್ಕು, ಜಿ ಇಂದ ಸಿ. ಇಷ್ಟೇ. ಎರಡು ಇದ್ರ ಎರಡು, ಮೂರನೇದು ಬ್ಯಾಡ.

ಸಿಕ್ಕು ಬಿಡಿಸೋದು: ಜಿ, ಸಿ, ಎಫ್ ಹತ್ರದಿಂದ ನೋಡೋಣ

ಇದನ್ನ ಜರಾ ಉದ್ದ ಬರೀತೀನಿ ಯಾಕಂದ್ರ ಈ ಒಂದು ಜಾಗದಾಗ ಎಷ್ಟು ಮಂದಿ ಗಿಟಾರ್ ಬಿಟ್ಟಾರೋ ಲೆಕ್ಕಿಲ್ಲ, ನಾನೂ ಇಲ್ಲೇ ಬಿಟ್ಟಿದ್ದೆ. ಭಾಳ ಮಂದಿ ಜಿ ಬಿಟ್ಟು ಎಲ್ಲಾ ಬೆರಳು ಗಾಳಿಯಾಗ ಎತ್ತಿ, ಹೊಸದಾಗಿ ಸಿ ಹುಡುಕ್ತಾರ. ಅದಕ್ಕ ಲೇಟ್ ಆಗೋದು.

ಜಿ ಕಾರ್ಡನ್ನ ಹಿಂಗ ಹಿಡೀರಿ. ಎಲ್ಲಾಕ್ಕಿಂತ ದಪ್ಪ ತಂತಿ, ಅಂದ್ರ ಆರನೇದು, ಅದರ ಮೂರನೇ ಫ್ರೆಟ್ಟಿಗೆ ಉಂಗುರಬೆರಳು. ಐದನೇ ತಂತಿಯ ಎರಡನೇ ಫ್ರೆಟ್ಟಿಗೆ ನಡುಬೆರಳು. ಒಂದನೇ ತಂತಿಯ ಮೂರನೇ ಫ್ರೆಟ್ಟಿಗೆ ಕಿರುಬೆರಳು. ಕಿರುಬೆರಳು ಮೊದಲ ವಾರ ಹೇಳಿದ ಮಾತು ಕೇಳಲ್ಲ, ಆಮ್ಯಾಲ ಕೇಳ್ತದ. ಈಗ ಉಂಗುರಬೆರಳು ಮತ್ತ ನಡುಬೆರಳು, ಈ ಜೋಡಿ ಲಕ್ಷಗೊಟ್ಟು ನೋಡ್ರಿ. ಇವೆರಡೂ ಒಟ್ಟಿಗೇ ಒಂದು ತಂತಿ ಕೆಳಗ ಸರೀಲಿ. ಉಂಗುರಬೆರಳು ಐದನೇ ತಂತಿಗೆ, ಫ್ರೆಟ್ ಅದೇ ಮೂರು. ನಡುಬೆರಳು ನಾಕನೇ ತಂತಿಗೆ, ಫ್ರೆಟ್ ಅದೇ ಎರಡು. ಕಿರುಬೆರಳು ಎತ್ರಿ, ಎರಡನೇ ತಂತಿಯ ಒಂದನೇ ಫ್ರೆಟ್ಟಿಗೆ ತೋರುಬೆರಳು ಇಡ್ರಿ. ಆಯ್ತು, ಇದೇ ಸಿ. ಜೋಡಿಯ ಆಕಾರ ಏನೂ ಬದಲಾಗಿಲ್ಲ, ಮನಿ ಬದಲಾಗ್ಯಾದ ಅಷ್ಟೇ.

ಇನ್ನೊಂದು ಸಲ ಅದೇ ಜೋಡಿ ಒಂದು ತಂತಿ ಕೆಳಗ ಸರಸ್ರಿ. ಉಂಗುರಬೆರಳು ನಾಕನೇ ತಂತಿ ಮೂರನೇ ಫ್ರೆಟ್, ನಡುಬೆರಳು ಮೂರನೇ ತಂತಿ ಎರಡನೇ ಫ್ರೆಟ್. ತೋರುಬೆರಳು ಎಲ್ಲಿ ಇತ್ತೋ ಅಲ್ಲೇ ಇರಲಿ, ಎತ್ತಬ್ಯಾಡ್ರಿ, ಜರಾ ಅಡ್ಡ ಮಲಗಿಸಿ ಒಂದನೇ ತಂತಿನೂ ಒತ್ತಿದ್ರ ಸಣ್ಣ ಎಫ್ ಬಂತು. ಒತ್ತಲಿಕ್ಕ ಆಗ್ತಿಲ್ಲಂದ್ರ ಒಂದನೇ ತಂತಿ ಖುಲ್ಲಾ ಬಿಡ್ರಿ, ಎಫ್ ಮೇಜರ್ ಸೆವೆನ್ ಆಗ್ತದ, ಕಿವಿಗೆ ಇನ್ನೂ ಮೆತ್ತಗ ಕೇಳ್ತದ, ಹಾಡಿಗೆ ಏನೂ ಕೆಡಲ್ಲ. ಬಾರಿಸುವಾಗ ಸಿಗೆ ಐದನೇ ತಂತಿಯಿಂದ, ಎಫ್‌ಗೆ ನಾಕನೇ ತಂತಿಯಿಂದ ಶುರು ಮಾಡ್ರಿ, ಮ್ಯಾಲಿನ ದಪ್ಪ ತಂತಿ ಬಿಟ್ಟು. ನನಗ ಇದು ಗೊತ್ತಾದ ದಿನ ನಾನು ಮಾಳಿಗಿ ಮ್ಯಾಲ ಒಬ್ಬನೇ ಕುಂತು ಜಿ ಸಿ ಎಫ್, ಎಫ್ ಸಿ ಜಿ ಅಂತ ಬರೀ ಎಡಗೈ ಇಳಿಸ್ಕೋತ ಏರಿಸ್ಕೋತ ಕುಂತಿದ್ದೆ, ಬಲಗೈ ತಂತಿ ಮುಟ್ಟೇ ಇರಲಿಲ್ಲ, ಆದ್ರೂ ಅಷ್ಟು ಖುಷಿ.

ಸಿ ಮತ್ತ ಎ ಮೈನರ್ ಇನ್ನೂ ಹತ್ರ. ತೋರುಬೆರಳು ನಡುಬೆರಳು ಎರಡೂ ಅಲ್ಲೇ ಕುಂತಿರಲಿ, ಉಂಗುರಬೆರಳು ಒಂದೇ ಐದನೇ ತಂತಿ ಬಿಟ್ಟು ಮೂರನೇ ತಂತಿಯ ಎರಡನೇ ಫ್ರೆಟ್ಟಿಗೆ ಬರಬೇಕು. ನಿಮ್ಮ ಸಿಕ್ಕು ಯಾವ ಎರಡು ಕಾರ್ಡಿನ ನಡುವ ಇದ್ರೂ ಮೊದಲು ಇದೇ ಹುಡುಕ್ರಿ: ಯಾವ ಬೆರಳು ಎತ್ತೋದೇ ಬ್ಯಾಡ, ಯಾವ ಬೆರಳು ಅದೇ ತಂತಿ ಮ್ಯಾಲ ಜಾರಿದ್ರ ಸಾಕು, ಯಾವ ಜೋಡಿ ಒಟ್ಟಿಗೆ ಹೋಗ್ತದ. ಕಾಗದದ ಮ್ಯಾಲ ಎರಡೂ ಕಾರ್ಡ್ ಬಾಜೂ ಬಾಜೂ ಬರೆದ್ರ ತಕ್ಷಣ ಕಾಣ್ತದ.

ಆಮ್ಯಾಲ ಮೆಟ್ರೋನೋಮ್ ಆ್ಯಪ್, ಅಂದ್ರ ಟಿಕ್ ಟಿಕ್ ಅಂತ ತಾಳ ಹಾಕೋದು, 60ಕ್ಕ (ನಿಮಿಷಕ್ಕ 60 ಟಿಕ್) ಇಡ್ರಿ, ಫ್ರೀ ಸಿಗ್ತಾವ. ಒಂದು ಕಾರ್ಡಿಗೆ ನಾಕು ಎಣಿಕಿ, ಮುಂದಿನ ಕಾರ್ಡಿಗೆ ನಾಕು. 60 ಜಾಸ್ತಿ ಆಯ್ತು ಅಂದ್ರ 40. ಐದು ಸಲ ಸತತ ಸರಿ ಬಂದ್ರ ಮಾತ್ರ ನಾಕು ಏರಸ್ರಿ, ನಡುವ ತಪ್ಪಿದ್ರ ನಾಕು ಇಳಸ್ರಿ. ಒಂದು ಗುಟ್ಟು ಹೇಳ್ತೀನಿ, ಬದಲಾಯಿಸ್ಲಿಕ್ಕ ಟೈಮ್ ಎಲ್ಲಿಂದ ಬರ್ತದ ಅಂದ್ರ ಕೊನೇ ಎಣಿಕಿಯ ಮ್ಯಾಲಮುಖ ಹೊಡತದಿಂದ. ಆ ಒಂದು ಹೊಡತ ಖುಲ್ಲಾ ತಂತಿ ಮ್ಯಾಲ ಬಿದ್ರೂ ಕೇಳೋರಿಗೆ ತಪ್ಪು ಅನಸಲ್ಲ, ದೊಡ್ಡ ದೊಡ್ಡ ಕಲಾವಿದರ ಸ್ಟ್ರಮ್ಮಿಂಗ್ (ಬಲಗೈಲೆ ಎಲ್ಲಾ ತಂತಿ ಮ್ಯಾಲ ಕೆಳಗ ಹೊಡಿಯೋದು) ಕಿವಿಗೊಟ್ಟು ಕೇಳ್ರಿ, ಅವರೂ ಅಲ್ಲೇ ಬೆರಳು ಎತ್ತತಾರ. ಬಲಗೈ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು.

ಈ ಕೆಲಸ ಎಂಟು ನಿಮಿಷ ಸಾಕು, ಹತ್ತರ ಮ್ಯಾಲ ಬ್ಯಾಡ. ಎರಡು ಸಿಕ್ಕು ಬರಕೊಂಡಿದ್ರ ಒಂದನ್ನೇ ಎಂಟು ನಿಮಿಷ ಎಳೀದೆ ಎರಡು ಎರಡು ನಿಮಿಷ ಅದಲು ಬದಲು ಮಾಡ್ರಿ. ಕಷ್ಟ ಅನಸ್ತದ, ಆ ಹೊತ್ತಿಗೆ ಕಮ್ಮಿ ಬಂದಂಗೂ ಅನಸ್ತದ, ಆದ್ರ ಮರುದಿನ ಕೈಯಾಗ ಉಳಿಯೋದು ಹಿಂಗ ಮಾಡಿದ್ದೇ. ಮರುದಿನ ಬೆಳಗ್ಗೆ ಗಿಟಾರ್ ಹಿಡಿದ ತಕ್ಷಣ, ಏನೂ ಬಾರಿಸೋಕಿಂತ ಮೊದಲು ಆ ಸಿಕ್ಕನ್ನ ಒಂದು ಸಲ ಮಾಡಿ ನೋಡ್ರಿ, ಅದು ಖರೇ ಪರೀಕ್ಷೆ. ನಿನ್ನೆ ರಾತ್ರಿ 80ರ ಸ್ಪೀಡಿನಾಗ ಬಂದಿದ್ದು ಇವತ್ತು 64ಕ್ಕ ಬರ್ತದ ಅಂದ್ರ ನಿಮ್ಮದು ಅಂತ ಆಗಿರೋದು 64 ಮಾತ್ರ, ನೋಟ್‌ಬುಕ್ಕಿನಾಗ ಅದನ್ನೇ ಬರೀರಿ.

ಒತ್ತೋದು ಎಷ್ಟು

ಬೆರಳು ಫ್ರೆಟ್ಟಿನ ಲೋಹದ ಪಟ್ಟಿಗೆ ತಾಗಿ ಹಿಂದ ಇರಬೇಕು, ಪಟ್ಟಿ ಮ್ಯಾಲ ಅಲ್ಲ, ಎರಡು ಪಟ್ಟಿ ನಟ್ಟ ನಡುವ ಅಲ್ಲ. ಅಲ್ಲಿ ಇಟ್ರ ಅರ್ಧ ಬಲ ಸಾಕಾಗ್ತದ. ಎಷ್ಟು ಸಾಕು ಅನ್ನೋದಕ್ಕ ಒಂದು ಆಟ ಅದ: ಬೆರಳು ತಂತಿ ಮ್ಯಾಲ ಸುಮ್ಮ ಮುಟ್ಟಿ ಇಡ್ರಿ, ಬಲಗೈಲೆ ಬಾರಿಸ್ಕೋತ ಇರ್ರಿ, ಟಕ್ ಟಕ್ ಅಂತ ಸತ್ತ ಸಪ್ಪಳ ಬರ್ತದ. ಈಗ ಎಡಗೈ ಬೆರಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒತ್ಕೋತ ಹೋಗ್ರಿ. ಮೊದಲು ಝರ್ ಅಂತದ, ಆಮ್ಯಾಲ ಒಮ್ಮೆಲೇ ಸ್ವರ ಬಿಚ್ಕೊಂಡು ಸ್ವಚ್ಛ ಬರ್ತದ. ಅಲ್ಲೇ ನಿಲ್ರಿ. ಅದಕ್ಕಿಂತ ಜಾಸ್ತಿ ಒತ್ತೋದು ವ್ಯರ್ಥ, ಸ್ವರನೂ ಏರ್ತದ. ನಾವೆಲ್ಲ ಇದರ ಮೂರು ಪಟ್ಟು ಒತ್ತತಿರ್ತೀವಿ, ಕೈ ನೋಯೋದು ಅದಕ್ಕೇ.

ಬೆರಳ ತುದಿ ನೋವು ಮೂರು ನಾಕು ವಾರದಾಗ ಗಟ್ಟಿ ಆಗಿ ಹೋಗ್ತದ, ಅದಕ್ಕ ಹೆದರಬ್ಯಾಡ್ರಿ. ಮಣಿಕಟ್ಟು ನೋವು, ಮೊಳಕೈ ತನಕ ಜುಮ್ ಅನ್ನೋದು ಮಾತ್ರ ಬ್ಯಾರೆ, ಅದು ಬಂದ್ರ ಅವತ್ತು ಬಂದ್ ಮಾಡ್ರಿ, ಕೂಡೋ ರೀತಿ ನೋಡ್ಕೋರಿ, ಹಾಸಿಗಿ ಮ್ಯಾಲ ಒರಗಿ ಬಾರಿಸೋದು ಬಿಡ್ರಿ, ಕೈ ಇಲ್ಲದ ಕುರ್ಚಿ ಮ್ಯಾಲ ಕುಂದರ್ರಿ. ವಾರದ ಮ್ಯಾಲೂ ಉಳಿದ್ರ ಡಾಕ್ಟರಿಗೆ ತೋರಸ್ರಿ.

ತಾಳ: ರೊಟ್ಟಿ ಬಡಿಯೋ ಸಪ್ಪಳ

ನಮ್ಮ ಮನಿಯಾಗ ಬೆಳಗ್ಗೆ ಆರೂಕಾಲಿಗೆ ಅವ್ವ ರೊಟ್ಟಿ ಬಡೀಲಿಕ್ಕ ಶುರು ಮಾಡ್ತಾಳ. ನಾನು ಮಾಳಿಗಿ ಮೆಟ್ಟಿಲ ಮ್ಯಾಲ, ಅಕಿ ಕೆಳಗ ಅಡಗಿ ಮನಿಯಾಗ. ಟಪ್ ಟಪ್ ಟಪ್ ಟಪ್, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. ಒಂದು ದಿನ ಮೊಬೈಲ್ ಚಾರ್ಜ್ ಇರಲಿಲ್ಲ, ಮೆಟ್ರೋನೋಮ್ ಇಲ್ಲದೆ ಆ ಸಪ್ಪಳಕ್ಕೇ ಸ್ಟ್ರಮ್ ಮಾಡ್ಕೋತ ಕುಂತೆ, ಅವತ್ತು ತಾಳ ಬಂದಂಗ ಅದಕ್ಕಿಂತ ಮೊದಲು ಬಂದಿರಲಿಲ್ಲ. ಆಮ್ಯಾಲ ಕೆಳಗ ಹೋಗಿ ನೋಡ್ದೆ. ರೊಟ್ಟಿ ಅಂಚಿಗೆ ಎಲ್ಲಿ ಸೀಳ್ತದ ಅನಸ್ತದೋ ಅಲ್ಲಿ ಅಕಿ ಕೈ ಜೋರ ಕಮ್ಮಿ ಮಾಡ್ತಾಳ, ಎರಡು ಬೆರಳಲೆ ಹಿಟ್ಟು ಕೂಡಸ್ತಾಳ, ಆದ್ರ ತಾಳ ಬಿಡಲ್ಲ. ಹ್ಯಾಂಗವ್ವ ಅಂತ ಕೇಳಿದ್ರ, ಹರಿಯೋ ಜಾಗಕ್ಕ ಮೆತ್ತಗ ಬಡೀಬೇಕಪ್ಪ, ಇನ್ನೇನದ ಅದರಾಗ ಅಂದ್ಲು. ಅವತ್ತಿನಿಂದ ಸಿಕ್ಕಿನ ಜಾಗ ಬಂದಾಗ ನಾನು ಬಲಗೈ ಜೋರ ಕಮ್ಮಿ ಮಾಡ್ತೀನಿ, ವೇಗ ಅದೇ ಇಡ್ತೀನಿ. ನೀವೂ ಮಾಡಿ ನೋಡ್ರಿ, ಎಡಗೈಗೆ ಗಾಬರಿ ಕಮ್ಮಿ ಆಗ್ತದ.

ಸ್ಟ್ರಮ್ಮಿಂಗ್ ಪ್ಯಾಟರ್ನ್ ಅಂತ ಬಾಣದ ಗುರ್ತು ನೋಡಿ ಕಲಿಯೋದಕ್ಕಿಂತ ನಮಗ ಗೊತ್ತಿರೋ ಕೆಹರ್ವಾ ತಾಳದಿಂದ ಕಲಿಯೋದು ಸರಳ. ಭಜನಿಯಾಗ ಕೇಳೇ ಕೇಳಿರ್ತೀರಿ, ಎಂಟು ಮಾತ್ರಿ: ಧಾ ಗೆ ನಾ ತಿ ನಾ ಕ ಧಿ ನಾ. ಕೈ ಗಡಿಯಾರದ ಲೋಲಕದಂಗ ಎಂಟಕ್ಕೂ ಆಡ್ತಿರಲಿ, 1, 3, 5, 7ಕ್ಕ ಕೆಳಗ, 2, 4, 6, 8ಕ್ಕ ಮ್ಯಾಲ. ಮೊದಲು ತಂತಿ ಮುಟ್ಟದೆ ಗಾಳಿಯಾಗ ಆಡಸ್ರಿ, ಬಾಯಿಲೆ ಬೋಲ್ ಹೇಳ್ರಿ. ಬಂತು ಅನಸಿದ ಮ್ಯಾಲ 1, 3, 4, 6, 7, 8ಕ್ಕ ಮಾತ್ರ ತಂತಿ ಮುಟ್ರಿ, 2 ಮತ್ತ 5ಕ್ಕ ಕೈ ಹೋಗಲಿ, ತಂತಿ ಮುಟ್ಟಬ್ಯಾಡ. ಅಂದ್ರ ಧಾ, ನಾ ತಿ, ಕ ಧಿ ನಾ. ಸಿನಿಮಾ ಹಾಡಿನ ಅರ್ಧಕ್ಕರ್ಧ ಗಿಟಾರ್ ಇದೇ ಒಂದರ ಮ್ಯಾಲ ನಡೀತದ. ಐದನೇ ಮಾತ್ರಿ ಖಾಲಿ ಬಿಡೋದೇ ಕಷ್ಟ, ಕೈ ತಾನೇ ಹೊಡೀಲಿಕ್ಕ ಹೋಗ್ತದ, ಬಾಯಿಲೆ ಬೋಲ್ ಹೇಳ್ತಿದ್ರ ತಪ್ಪಲ್ಲ. ದಾದ್ರಾಕ್ಕೂ ಹಿಂಗೇ, ಅದು ಆರು ಮಾತ್ರಿ, ತೂಗೋ ತೊಟ್ಟಿಲಿನ ನಡಿಗಿ ಇರೋ ಹಾಡಿಗೆ ಬರ್ತದ. ದಿನಕ್ಕ ಐದು ನಿಮಿಷ, ಒಂದೇ ಕಾರ್ಡ್ ಹಿಡ್ಕೊಂಡು, ಸಾಕು.

ಅರ್ಧ ತಾಸು ಹ್ಯಾಂಗ ಹೋಗ್ತದ

ನಂದು ಹೇಳ್ತೀನಿ, ನಿಮಗ ತಕ್ಕಂಗ ಬದಲಿ ಮಾಡ್ಕೋರಿ. ಟ್ಯೂನಿಂಗ್ ಎರಡು ನಿಮಿಷ, ದಿನಾ, ತಪ್ಪಸಂಗಿಲ್ಲ, ಬಿಸಿಲಿಗೆ ತಂತಿ ಸಡಿಲಾಗಿ ಸ್ವರ ಇಳಿದಿರ್ತದ. ದಪ್ಪದಿಂದ ಸಣ್ಣದಕ್ಕ ಇ, ಎ, ಡಿ, ಜಿ, ಬಿ, ಇ. ಟ್ಯೂನ್ ಇಲ್ಲದ ಗಿಟಾರ್ ಮ್ಯಾಲ ಎಷ್ಟು ಸರಿ ಬಾರಿಸಿದ್ರೂ ಕೆಟ್ಟೇ ಕೇಳ್ತದ, ನಮ್ಮ ಕೈದೇ ತಪ್ಪು ಅನಸ್ತದ, ಹಿಂಗೇ ಭಾಳ ಮಂದಿ ಮನಸ್ಸು ಮುರ್ಕೊಂಡಾರ. ಆಮ್ಯಾಲ ಸಿಕ್ಕು ಎಂಟು ನಿಮಿಷ, ತಾಳ ಐದು ನಿಮಿಷ, ಇಷ್ಟ ಇರೋ ಹಾಡು ಹತ್ತು ನಿಮಿಷ. ಹಾಡಿನ ಟೈಮಿನಾಗ ತಪ್ಪಿದ್ರೂ ನಿಲ್ಲಂಗಿಲ್ಲ, ಅದು ಖುಷಿ ಟೈಮ್, ತಪ್ಪಿದ್ದು ನೆನಪಿದ್ರ ನಾಳೆ ಸಿಕ್ಕು ಅಂತ ಬರಕೊಂಡ್ರಾಯ್ತು. ಹಾಡು ಕೇಳಿ ಕಲಿಯೋರು ಯೂಟ್ಯೂಬ್ ಸ್ಪೀಡ್ 0.75 ಇಟ್ಕೋರಿ, ಸ್ವರ ಬದಲಾಗಲ್ಲ, ನಡಿಗಿ ಅಷ್ಟೇ ನಿಧಾನ ಆಗ್ತದ.

ಭಾಳ ದಣಿದ ದಿನ ಪೂರಾ ಬಿಡಬ್ಯಾಡ್ರಿ, ಐದು ನಿಮಿಷ, ಬರೀ ಹಾಡು. ಅವತ್ತು ಸಿಕ್ಕು ಮುಟ್ಟಲೇಬ್ಯಾಡ್ರಿ.

ಕೊನೇ ಐದು ನಿಮಿಷ: ರಾಗ

ಇದು ನನಗ ಎಲ್ಲಾಕ್ಕಿಂತ ಇಷ್ಟದ್ದು, ಯಾವ ಗಿಟಾರ್ ಕ್ಲಾಸಿನಾಗೂ ನನಗ ಇದನ್ನ ಹೇಳಿಕೊಡಲಿಲ್ಲ. ಮೊಬೈಲಿನಾಗ ತಂಬೂರಿ ಆ್ಯಪ್ ಹಾಕಿ ಸಿ ಸ್ವರಕ್ಕ ಇಡ್ರಿ. ಐದನೇ ತಂತಿ ಮೂರನೇ ಫ್ರೆಟ್ ನಿಮ್ಮ ಸಾ. ನಾಕನೇ ತಂತಿ ಖುಲ್ಲಾ ರಿ. ಅದೇ ತಂತಿ ಎರಡನೇ ಫ್ರೆಟ್ ಗ. ಮೂರನೇ ತಂತಿ ಖುಲ್ಲಾ ಪ. ಅದೇ ತಂತಿ ಎರಡನೇ ಫ್ರೆಟ್ ಧ. ಎರಡನೇ ತಂತಿ ಒಂದನೇ ಫ್ರೆಟ್ ಮ್ಯಾಲಿನ ಸಾ. ಇದು ಭೂಪ, ಕರ್ನಾಟಕ ಸಂಗೀತದಾಗ ಮೋಹನ ಅಂತಾರ. ಬೆರಳು ಮೂರೇ ಫ್ರೆಟ್ಟಿನಾಗ ಇರ್ತಾವ, ಎಲ್ಲೂ ಓಡೋದಿಲ್ಲ. ಈ ಐದು ಸ್ವರದಾಗ ಯಾವುದರ ಮುಂದ ಯಾವುದು ಬಾರಿಸಿದ್ರೂ ಕಿವಿಗೆ ಹಿತ ಇರ್ತದ, ಅದಕ್ಕ ಹೊಸಬರು ಇದರಿಂದಾನೇ ಶುರು ಮಾಡ್ರಿ.

ಮೊದಲು ಸಾ ರಿ ಗ, ರಿ ಗ ಪ, ಗ ಪ ಧ, ಪ ಧ ಸಾ ಅಂತ ಅಲಂಕಾರ, ಒಂದು ನಿಮಿಷ. ಆಮ್ಯಾಲ ಬಾಯಿಲೆ ಒಂದು ಸಣ್ಣ ಸಾಲು ಗುನುಗ್ರಿ, ಮೂರು ನಾಕು ಸ್ವರದ್ದು, ಅದನ್ನ ಗಿಟಾರಿನಾಗ ಹುಡುಕ್ರಿ. ಸಿಗ್ಲಿಲ್ಲಂದ್ರ ಮತ್ತ ಗುನುಗ್ರಿ. ಇದು ಆಟ ಅನಸ್ತದ, ಆದ್ರ ಕಿವಿಗೂ ಕೈಗೂ ದಾರಿ ಬೀಳೋದು ಇಲ್ಲೇ. ನಮ್ಮ ಕಡಿ ತತ್ವಪದ ಹಾಡೋರು ಏಕತಾರಿ ಒಂದೇ ತಂತಿ ಮೀಟ್ಕೋತ ರಾತ್ರಿ ಪೂರಾ ಹಾಡ್ತಾರ, ನಮ್ಮ ಕೈಯಾಗ ಆರು ತಂತಿ ಅವ, ಐದು ನಿಮಿಷಕ್ಕ ಐದು ಸ್ವರ ಕಮ್ಮಿ ಏನಲ್ಲ.

ತಿಂಗಳಾದ ಮ್ಯಾಲ ಮ ಮತ್ತ ನಿ ಸೇರಿಸಿದ್ರ ಬಿಲಾವಲ್ ಥಾಟ್ ಆಗ್ತದ, ಇಂಗ್ಲಿಷ್ ಪುಸ್ತಕದವರು ಮೇಜರ್ ಸ್ಕೇಲ್ ಅನ್ನೋದು ಇದಕ್ಕೇ. ನಾಕನೇ ತಂತಿ ಮೂರನೇ ಫ್ರೆಟ್ ಮ, ಎರಡನೇ ತಂತಿ ಖುಲ್ಲಾ ನಿ.

ಗಿಟಾರ್ ಇಲ್ಲದಾಗ

ಬೆಂಗಳೂರಿಗೆ ರಾತ್ರಿ ಪೂರಾ ಟ್ರೇನಿನಾಗ ಹೋಗೋರು ನಾವು, ಕುಂತ ಜಾಗದಾಗೇ ಕಣ್ಣು ಮುಚ್ಚಿ ಜಿ ಇಂದ ಸಿಗೆ ಬೆರಳು ಹ್ಯಾಂಗ ಹೋಗ್ತಾವ ಅಂತ ನೆನಸ್ರಿ, ಬಲ ಮೊಳಕೈ ಮ್ಯಾಲ ಎಡಗೈ ಬೆರಳು ಇಟ್ಟು ಮಾಡ್ರಿ. ನೆನಸುವಾಗ ಎಲ್ಲಿ ಮಸುಕಾಗ್ತದೋ ಗಿಟಾರ್ ಮ್ಯಾಲೂ ಅಲ್ಲೇ ತಪ್ಪತೀರಿ.

ಮಂದಿ ಜೊತಿ ಕೂಡೋದು

ಎರಡು ಮೂರು ತಿಂಗಳಾದ ಮ್ಯಾಲ ಒಬ್ಬರೇ ಕುಂದ್ರಬ್ಯಾಡ್ರಿ. ಬ್ಯಾಂಡ್ ಬೇಕು ಅಂತಿಲ್ಲ, ಓಣಿಯ ಭಜನಿ ಮಂಡಳಿ ಇದ್ದೇ ಇರ್ತದ, ಸೋಮವಾರ ಇಲ್ಲಾ ಶ್ರಾವಣದಾಗ ಹೋಗಿ ಹಾರ್ಮೋನಿಯಂ ಮಾಸ್ತರ್ರಿಗೆ ನಮಸ್ಕಾರ ಮಾಡಿ, ಹಿಂದ ಕುಂತು ಬಾರಿಸ್ತೀನ್ರೀ ಸರ್ ಅಂತ ಕೇಳ್ರಿ. ನಾನು ಮೊದಲ ಸಲ ಹೋದಾಗ ಎಂಟು ಮಾತ್ರಿಗೆ ಒಂದೇ ಹೊಡತ, ಧಾ ಮ್ಯಾಲ, ಅಷ್ಟೇ ಬಾರಿಸಿದ್ದೆ, ಉಳಿದ ಏಳು ಮಾತ್ರಿ ಮುಂದಿನ ಕಾರ್ಡ್ ಹಿಡೀಲಿಕ್ಕ ಸಿಕ್ತಿತ್ತು. ಮನಿಯಾಗ ತಪ್ಪಿದ್ರ ನಿಲ್ತೀವಿ, ಅಲ್ಲಿ ನಿಲ್ಲಲಿಕ್ಕ ಬರಲ್ಲ, ತಬಲಾ ನಡದೇ ಇರ್ತದ, ಹಂಗಾಗಿ ತಪ್ಪಿದ ಮ್ಯಾಲ ಮತ್ತ ಹ್ಯಾಂಗ ಸೇರ್ಕೋಬೇಕು ಅನ್ನೋದು ಅಲ್ಲೇ ಬರ್ತದ.

ಹೋಗೋಕಿಂತ ಮೊದಲು ಕೇಪೋ ಒಂದು ತಗೋರಿ, ಅದು ಒಂದು ಫ್ರೆಟ್ಟಿನಾಗ ಎಲ್ಲಾ ತಂತಿ ಒಟ್ಟಿಗೇ ಒತ್ತಿ ಹಿಡಿಯೋ ಚಿಮಟಿ. ಮಾಸ್ತರ್ರು ಸಿ ಶಾರ್ಪ್ ಅನ್ನಲ್ಲ, ಹಾರ್ಮೋನಿಯಂ ಪಟ್ಟಿಯ ಬಣ್ಣ ಎಣಿಸಿ ಕರಿ ಒಂದು ಅಂತಾರ. ಬಿಳಿ ಒಂದು ಅಂದ್ರ ಸಿ, ಕೇಪೋ ಬ್ಯಾಡ. ಕರಿ ಒಂದು ಅಂದ್ರ ಒಂದನೇ ಫ್ರೆಟ್ಟಿಗೆ ಕೇಪೋ, ಬಿಳಿ ಎರಡು ಅಂದ್ರ ಎರಡನೇದಕ್ಕ, ಕರಿ ಎರಡು ಅಂದ್ರ ಮೂರನೇದಕ್ಕ, ಬಿಳಿ ಮೂರು ಅಂದ್ರ ನಾಕನೇದಕ್ಕ. ಕೇಪೋ ಹಾಕಿ ನಿಮಗ ಬರೋ ಅದೇ ಸಿ, ಎಫ್, ಜಿ, ಎ ಮೈನರ್ ಆಕಾರ ಹಿಡೀರಿ, ಸ್ವರ ಅವರದ್ದಕ್ಕ ಕೂಡ್ತದ. ಆದ್ರ ಟ್ಯೂನರ್ ಆ್ಯಪ್ ನೋಡಿ ಟ್ಯೂನ್ ಮಾಡ್ಕೊಂಡು ಹೋಗಿ ಸುಮ್ಮ ಕುಂದ್ರಬ್ಯಾಡ್ರಿ. ಹಳೇ ಹಾರ್ಮೋನಿಯಂ ಸ್ವರ ಆ್ಯಪ್ ತೋರಸೋದಕ್ಕಿಂತ ಜರಾ ಮ್ಯಾಲ ಕೆಳಗ ಇರ್ತದ, ಅದರ ಸ್ವರ ಅಲ್ಲೇ ಕುಂತು ತಿರುವಿ ಸರಿ ಮಾಡ್ಲಿಕ್ಕ ಬರಲ್ಲ, ಗಿಟಾರಿಂದು ಬರ್ತದ. ಅದಕ್ಕ ಭಜನಿ ಶುರು ಆಗೋಕಿಂತ ಹತ್ತು ನಿಮಿಷ ಮೊದಲು ಹೋಗಿ, ಸರ್ ಒಂದು ಸಾ ಕೊಡ್ರಿ ಅಂತ ಕೇಳಿ, ಕೇಪೋ ಹಾಕಿದ ಮ್ಯಾಲ ಅವರ ಸಾಕ್ಕ ನಿಮ್ಮ ಐದನೇ ತಂತಿಯ ಸಾ ಕೂಡಿಸ್ಕೊಂಡು, ಉಳಿದ ತಂತಿ ಅದರಿಂದ ಮಾಡ್ಕೋರಿ.